ರೇಡಿಯೋದ ಬಾಲ

ಸರದಾರಸಾಬರ ರೇಡಿಯೋಕ್ಕೆ ಹಗ್ಗದಷ್ಟು ಉದ್ದದ ಬಾಲವಿತ್ತು. ಅದನ್ನು ಕತ್ತರಿಸಿದ್ದೇ ಖಂಡಪ್ಪ ಮಾಡಿದ ತಪ್ಪು.

ಬಾಲವೆಂದರೆ ಗೋಡೆಯ ಪ್ಲಗ್ಗಿನಿಂದ ರೇಡಿಯೋಕ್ಕೆ ಬರುವ ವೈರು. ಸುಂಕ ವಸೂಲಿಯ ಜಕಾತಿ ನಾಕಾದಲ್ಲಿ ಜಮಾದಾರರಾಗಿ ನಿವೃತ್ತರಾದ ಸರದಾರಸಾಬರು ಆ ಹಳೆಯ ವಿಲಾಯಿತಿ ರೇಡಿಯೋವನ್ನು ಚಾದರದಲ್ಲಿ ಕಟ್ಟಿಕೊಂಡು, ಯಾದಗಿರಿ ಸ್ಟೇಷನ್ನಿನ ಎದುರಿನ ಖಂಡಪ್ಪನ ರಿಪೇರಿ ಅಂಗಡಿಗೆ ಬೆಳಿಗ್ಗೆಯೇ ತಂದಿಳಿಸಿದ್ದರು.

"ಹಾಡೋದು ಛಲೋ ಹಾಡ್ತದ. ಆದ್ರ ವೈರು ಬಿಸಿ ಆಗ್ತದ. ಮನಿಗಿ ಬೆಂಕಿ ಹತ್ತಿದ್ರ ಏನು ಮಾಡೂದು? ಆ ಬಿಸಿ ಒಂದು ತೆಗಿ."

ಅಂದು ಹೊಸ ರಾಜ್ಯ ಆಗುವ ದಿನ. ಹೈದರಾಬಾದ್ ರಾಜ್ಯದವರಾಗಿ ಮಲಗಿದ್ದ ಊರವರು ಮೈಸೂರು ರಾಜ್ಯದವರಾಗಿ ಎದ್ದಿದ್ದರು. ಸಂಜೆ ರೇಡಿಯೋದಲ್ಲಿ ಬರುವ ಭಾಷಣ ಕೇಳಲು ಓಣಿಯೆಲ್ಲ ಸರದಾರಸಾಬರ ಪಡಸಾಲೆಯಲ್ಲಿ ಸೇರುವುದಿತ್ತು. ಮುನಸಿಪಾಲ್ಟಿಯ ಭಗವಂತರಾಯರೂ ಬರುವವರಿದ್ದರು. ಊರಿನ ಉದ್ಯಾನದಲ್ಲಿ ಇಡಲಿರುವ ಸರಕಾರಿ ರೇಡಿಯೋ ನೋಡಿಕೊಳ್ಳಲು ಒಬ್ಬ ಆಳನ್ನು ಆರಿಸುವುದು ಅವರ ಕೈಯಲ್ಲೇ ಇತ್ತು; ಖಂಡಪ್ಪನ ಕಣ್ಣು ಆ ಕೆಲಸದ ಮೇಲಿತ್ತು. ಸಂಬಳದ ಕೆಲಸ ಸಿಗುವವರೆಗೆ ಮಗಳನ್ನು ಕಳಿಸುವುದಿಲ್ಲವೆಂದು ದೇವಾಪುರದ ಮಾವ ಹಟ ಹಿಡಿದು ಕೂತಿದ್ದ. ಖಂಡಪ್ಪನ ಮದುವೆಯಾಗಿ ವರ್ಷವಾಗಿದ್ದರೂ ಅವನ ಮನೆಯ ಒಲೆಗೆ ಇನ್ನೂ ಹೆಂಡತಿಯ ಪರಿಚಯವಾಗಿರಲಿಲ್ಲ.

ಪಕ್ಕದ ಚಹಾ ಅಂಗಡಿಯ ಮಹಾದೇವಪ್ಪ ಕರೆಯದೆಯೇ ಬಂದು ವೈರನ್ನು ಮುಟ್ಟಿ ನೋಡಿದ. ಇಷ್ಟು ದೂರ ನಡೆದು ಬಂದರೆ ಕರೆಂಟಿಗೂ ಬೆವರು ಬರುತ್ತದೆ, ಬಿಸಿಯಾಗದೆ ಇನ್ನೇನಾದೀತು ಎಂಬುದು ಅವನ ವಾದ. ಖಂಡಪ್ಪನಿಗೆ ಅದು ಸರಿಯೆನಿಸಿತು. ಗೇಣುದ್ದ ಬಿಟ್ಟು ಉಳಿದದ್ದನ್ನು ಕತ್ತರಿಸಿ, ಪ್ಲಗ್ಗು ಜೋಡಿಸಿ ಗುಂಡಿ ಒತ್ತಿದ.

ಬಾಲ ತುಳಿಸಿಕೊಂಡ ಎಮ್ಮೆಯಂತೆ ರೇಡಿಯೋ ಅರಚಿತು. ಮುಂದಿನ ಪುಟ್ಟ ದೀಪ ಗ್ಯಾಸ್‌ಲೈಟಿನಂತೆ ಬೆಳಗಿ ಟಪ್ಪೆಂದು ಒಡೆಯಿತು. ಖಂಡಪ್ಪ ಪ್ಲಗ್ಗು ಕಿತ್ತು ತಿರುಗಿ ನೋಡುವಷ್ಟರಲ್ಲಿ ಮಹಾದೇವಪ್ಪ ರಸ್ತೆಯ ಆಚೆ ನಿಂತಿದ್ದ.

ಕತ್ತರಿಸಿದ ತುಂಡನ್ನು ಸುಲಿದಾಗ ಗುಟ್ಟು ತಿಳಿಯಿತು. ಒಳಗೆ ದಾರಕ್ಕೆ ಸುತ್ತಿದ ಕೂದಲಿನಂಥ ತಂತಿ ಇತ್ತು. ಅದು ಬರೀ ವೈರಲ್ಲ, ರೆಸಿಸ್ಟರ್. ವಿಲಾಯಿತಿ ರೇಡಿಯೋ ತಾಳದಷ್ಟು ಜೋರಿನ ನಮ್ಮ ಕರೆಂಟನ್ನು ಬಾಲವೇ ತಡೆದು, ಹೆಚ್ಚಿನದನ್ನು ಬಿಸಿಯಾಗಿ ಹೊರಹಾಕುತ್ತಿತ್ತು. ಮತ್ತೆ ಜೋಡಿಸೋಣವೆಂದರೆ ತಂತಿ ಕೈಯಲ್ಲೇ ಚೂರಾಯಿತು.

ಅಂಥ ವೈರು ಯಾದಗಿರಿಯಲ್ಲಿಲ್ಲ. ಅದರ ಬದಲು ಏನು ಹಾಕುವುದು? ಓಣಿಯವರೆಲ್ಲ ಸಲಹೆ ಹೊತ್ತು ಬಂದರು. ಮಹಾದೇವಪ್ಪ ಕರೆಂಟಿನ ಇಸ್ತ್ರಿಪೆಟ್ಟಿಗೆಯನ್ನೇ ತಂದ. ಅದು ಕರೆಂಟನ್ನು ಸಾಕಷ್ಟು ತಡೆಯಲಿಲ್ಲ. ಗುಂಡಿ ಒತ್ತಿದ ಕೂಡಲೇ ರೇಡಿಯೋ ಮತ್ತೆ ಅರಚಿತು, ಮಹಾದೇವಪ್ಪ ಮತ್ತೆ ರಸ್ತೆ ದಾಟಿದ. ಕೊನೆಗೆ ಖಂಡಪ್ಪ ಕರೆಂಟು ತಡೆಯಲು ವೈರಿನ ನಡುವೆ ಒಂದು ಬಲ್ಬು ಸೇರಿಸಿದ. ಸಣ್ಣ ಬಲ್ಬಿಗೆ ರೇಡಿಯೋ ಕೆಮ್ಮಲೂ ಇಲ್ಲ. ಅಂಗಡಿಯ ದೊಡ್ಡ ಬಲ್ಬು ಬಿಚ್ಚಿ ಹಾಕಿದಾಗ ಬಲ್ಬೂ ಮಂದವಾಗಿ ಉರಿಯಿತು, ರೇಡಿಯೋವೂ ಮೆತ್ತಗೆ ಹಾಡಿತು. ಖಂಡಪ್ಪ ಬಲ್ಬಿಗೆ ಕೈ ಮುಗಿದ.

ಸಂಜೆ ಪಡಸಾಲೆಯಲ್ಲಿ ಸರದಾರಸಾಬರು ಹೊಸ ವೈರನ್ನು ಮುಟ್ಟಿ ಮುಟ್ಟಿ ನೋಡಿದರು. ತಣ್ಣಗಿತ್ತು; ಬಿಸಿಯೆಲ್ಲ ರೇಡಿಯೋದ ಹಿಂದೆ ತೂಗುಹಾಕಿದ್ದ ಬಲ್ಬಿಗೆ ಹೋಗಿತ್ತು. ಶಾಭಾಸ್ ಎಂದು ಬೆನ್ನು ತಟ್ಟಿದರು. ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿ ಹಬೀಬಾ ಬಂದಳು. ಅವಳೂ ವೈರು ಮುಟ್ಟಿದಳು. ಮುಖ ಸಣ್ಣದಾಯಿತು.

"ಖಂಡಪ್ಪಾ, ಬಿಸಿ ಎಲ್ಲಿ ಹೋತು?"

"ತೆಗದೀನಿ ಚಾಚಿ."

"ತೆಗಿ ಅಂತ ನಾ ಹೇಳಿದ್ನೇನು?"

ಅವಳು ಮೇಜಿನ ಕೆಳಗಿನಿಂದ ಒಂದು ಬುಟ್ಟಿ ಎಳೆದಳು. ಹೊಟ್ಟಿನ ನಡುವೆ ಮೊಟ್ಟೆಗಳು. ಕಾವಿಗೆ ಕೂತ ಕೋಳಿಯನ್ನು ಬೆಕ್ಕು ಹೊತ್ತೊಯ್ದ ಮೇಲೆ, ಹಬೀಬಾ ವೈರನ್ನು ಸುರುಳಿ ಸುತ್ತಿ ಮುಚ್ಚಿದ ಬುಟ್ಟಿಯ ಅಡಿಗೆ ಇಟ್ಟಿದ್ದಳು. ಇಂದು ರೇಡಿಯೋ ಹೋದಾಗಿನಿಂದ ಬುಟ್ಟಿಯನ್ನು ಒಲೆಯ ಬದಿಗಿಟ್ಟು ಕಾದಿದ್ದಳಂತೆ. ತನ್ನ ಬೀಬಿ ಹಗಲೂ ರಾತ್ರಿ ರೇಡಿಯೋ ಆರಿಸಲು ಬಿಡದೆ ಇದ್ದದ್ದು ಸಂಗೀತದ ಮೋಹಕ್ಕಲ್ಲ ಎಂಬುದು ಸರದಾರಸಾಬರಿಗೆ ಆಗ ಹೊಳೆಯಿತು.

ಆ ಹೊತ್ತಿಗೆ ಭಗವಂತರಾಯರು ಬಂದರು. ಎಲ್ಲರೂ ಎದ್ದು ನಿಂತರು. ಅವರು ರೇಡಿಯೋ ಕಡೆ ನೋಡದೆ ನೇರ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಕಾವಿಗಿ ಕೊಟ್ಟ ನನ್ನ ತತ್ತಿ ಹ್ಯಾಂಗ ಅವ, ಚಾಚಿ? ಹೈದರಾಬಾದಿಂದ ತರಿಸಿದ ಬಿಳಿ ಕೋಳಿ ತಳಿ ಅವು."

ಖಂಡಪ್ಪನ ಕೈ ಕೂಡಲೇ ಕೆಲಸ ಮಾಡಿತು. ಬಲ್ಬಿನ ವೈರು ಉದ್ದ ಮಾಡಿ, ಅದನ್ನು ಬುಟ್ಟಿಯೊಳಗೆ ಇಳಿಬಿಟ್ಟ. ಮೇಲೆ ರೇಡಿಯೋ ಹಾಡಿತು, ಕೆಳಗೆ ಮೊಟ್ಟೆ ಬೆಚ್ಚಗಾದವು. ಹುಡುಗ ಹುಷಾರಿದ್ದಾನ ಎಂದು ರಾಯರು ತಲೆಯಾಡಿಸಿದರು. ಖಂಡಪ್ಪನಿಗೆ ದೇವಾಪುರದ ದಾರಿಯಲ್ಲಿ ಹೆಂಡತಿಯ ಟ್ರಂಕು ಹೊತ್ತ ಬಂಡಿ ಬರುವುದು ಕಂಡಂತಾಯಿತು.

ಭಾಷಣ ಶುರುವಾಯಿತು. ಮಹಾಜನರೇ ಎನ್ನುವಷ್ಟರಲ್ಲಿ ಕರೆಂಟು ಹೋಯಿತು.

ಕತ್ತಲಲ್ಲಿ ಸ್ವಲ್ಪ ಹೊತ್ತು ಕಾದ ಜನ ಚಪ್ಪಲಿ ಹುಡುಕುತ್ತ ಎದ್ದುಹೋದರು. ಭಗವಂತರಾಯರು ಮಾತ್ರ ಏಳಲಿಲ್ಲ. "ತತ್ತಿ ಆರ್ತಾವ" ಎಂದರು. ಕಂದೀಲು ಇಟ್ಟರೆ ಹೊಟ್ಟಿಗೆ ಬೆಂಕಿ, ಒಲೆ ಆಗಲೇ ಆರಿತ್ತು. ಹಬೀಬಾ ಕಂದೀಲು ಎತ್ತಿ ಒಬ್ಬೊಬ್ಬರನ್ನೇ ನೋಡಿದಳು. ಗಂಡ ಒಣಗಿದ ಕಡ್ಡಿ. ರಾಯರು ದೊಡ್ಡ ಮನುಷ್ಯರು. ಬೆವರಿ ನಿಂತಿದ್ದ ಖಂಡಪ್ಪನ ಹಣೆಗೆ ಕೈ ಇಟ್ಟಳು.

"ಇವನ ಮೈ ಕಾದದ. ಇವನೇ ಕೂಡಲಿ."

ಖಂಡಪ್ಪನನ್ನು ಮೂಲೆಯಲ್ಲಿ ಕೂರಿಸಿ, ಮಡಿಲಲ್ಲಿ ಮೊಟ್ಟೆ ಇಟ್ಟು, ಮೇಲೆ ಕಂಬಳಿ ಹೊದಿಸಿದರು. ಅವನು ಮೆಲ್ಲಗೆ ಕೇಳಿದ, "ರಾಯರ, ಆ ಕೆಲಸದ ಮಾತು..."

"ಮರಿ ಹೊರಗ ಬರಲಿ, ಆಮ್ಯಾಲ ನೋಡೋಣ. ಅಲ್ಲಿತನಕ ಅಲುಗಬ್ಯಾಡ."

ಕೋಳಿಯ ಬದಲು ವೈರು, ವೈರಿನ ಬದಲು ಬಲ್ಬು, ಬಲ್ಬಿನ ಬದಲು ತಾನು. ತನ್ನ ಬದಲು ಹಾಕಲು ಏನಾದರೂ ಸಿಕ್ಕೀತೇ ಎಂದು ಖಂಡಪ್ಪ ಯೋಚಿಸುತ್ತಿದ್ದಾಗಲೇ ಕರೆಂಟು ಬಂತು. ಓಣಿಯ ದೀಪಗಳೆಲ್ಲ ಹತ್ತಿದವು. ಬುಟ್ಟಿಯೊಳಗಿನ ಬಲ್ಬು ಒಮ್ಮೆ ನೀಲಿಯಾಗಿ ಮಿಂಚಿ ಟಪ್ಪೆಂದು ಹೋಯಿತು.

ಹಬೀಬಾ ಒಳಗಿನಿಂದ ಇನ್ನೊಂದು ಕಂಬಳಿ ತಂದು ಅವನಿಗೆ ಹೊದಿಸಿದಳು.