ಕಂಪ್ಯೂಟರ್ ಕಂಡ ಬೆಂಕಿ

ಚಿಂಚೋಳಿಯ ಅರಣ್ಯ ಕಚೇರಿಗೆ ಹೊಸ ಕಂಪ್ಯೂಟರ್ ಬಂದಂದಿನಿಂದ ಕಾವಲುಗಾರ ನಾಗೇಂದ್ರಪ್ಪನಿಗೆ ಮನೆಗೆ ಸವತಿ ಬಂದಂತಾಗಿತ್ತು. ಎಲ್ಲಿ ಕಾಡ್ಗಿಚ್ಚು ಹತ್ತೀತೆಂದು ಅದು ಮುಂಚೆಯೇ ಹೇಳುತ್ತಿತ್ತು. ಅಧಿಕಾರಿ ಶೈಲಶ್ರೀ ಮೇಡಂ ಅದರ ಮಾತನ್ನೇ ಕೇಳುತ್ತಿದ್ದರು.

ಸಂಕ್ರಾಂತಿ ಮುಗಿದ ಮೇಲೆ ಒಂದು ಬೆಳಿಗ್ಗೆ ಪರದೆಯಲ್ಲಿ ಕೆಂಪು ಚುಕ್ಕೆ ಮೂಡಿತು.

"ಕರಿಗುಡ್ಡದ ಬುಡಕ್ಕ ಇವತ್ತ ಬೆಂಕಿ ಬೀಳ್ತದ ಅಂತ ತೋರ್ಸಾಕತ್ತದ" ಎಂದರು ಮೇಡಂ.

"ಏನ್ ಬೀಳ್ತದ್ರಿ? ಮೂವತ್ತು ವರ್ಷ ಆ ಅಡವಿ ಕಾದೀನಿ. ನಾನೇ ಹೋಗಿ ಕುಂದರ್ತೀನಿ. ಸಂಜಿಗಿ ಬಂದು ನಿಮ್ಮ ಡಬ್ಬಿ ಸುಳ್ಳಂತ ಹೇಳ್ತೀನಿ!"

ಕರಿಗುಡ್ಡದ ಬುಡದಲ್ಲಿ ಹಳೆಯ ಕಾವಲಿನ ಅಟ್ಟಣಿಗೆ ಮುರಿದು ಒಂದೇ ಕಂಬ ಉಳಿದಿತ್ತು. ಹಿಂದೆ ಅಟ್ಟಣಿಗೆಯ ಮೇಲಿಂದ ಹೊಗೆ ಕಂಡರೆ ತಗಡಿನ ಡಬ್ಬಿ ಬಾರಿಸುತ್ತಿದ್ದರು. ಪಕ್ಕದ ಲಂಬಾಣಿ ತಾಂಡಾದ ಹೆಂಗಸರೂ ಹಸಿ ಟೊಂಗೆ ಹಿಡಿದು ಓಡಿಬರುತ್ತಿದ್ದರು. ಬೆಂಕಿ ಆರಿದ ಮೇಲೆ ಒಬ್ಬರ ಮಸಿ ಮುಖ ನೋಡಿ ಇನ್ನೊಬ್ಬರು ನಗುತ್ತಿದ್ದರು. ಅಂದಿನ ಜೊತೆಗಾರ ಜಿಲಾನಿ ಈಗ ನಿವೃತ್ತನಾಗಿ ಪಕ್ಕದಲ್ಲೇ ಹೊಲ ಮಾಡಿಕೊಂಡಿದ್ದ.

"ಅರೇ ಯಾರ್! ದಾರಿ ಮರ್ತೀ ಅನ್ಕೊಂಡಿದ್ದೆ" ಎಂದ ಜಿಲಾನಿ, ನಾಗೇಂದ್ರಪ್ಪ ಬಂದದ್ದು ಕಂಡು.

"ಕಂಪ್ಯೂಟರ್ ಸುಳ್ಳ ಮಾಡಾಕ ಬಂದೀನೋ."

"ಹಂಗಾರ ಸಂಜಿತನ ಖಾಲಿ! ಸೀತನಿ ತಿಂದು ಎಷ್ಟ್ ದಿನ ಆಯ್ತು?"

ಸೀತನಿ ಸುಡಲು ಜಿಲಾನಿ ಹಾಲುತುಂಬಿದ ಜೋಳದ ತೆನೆ ಮುರಿದು ತಂದ. "ಕಂಬದ ಕೆಳಗೇ ಹಚ್ಚೂಣು, ಮೊದ್ಲಿನಂಗ" ಎಂದ ನಾಗೇಂದ್ರಪ್ಪ ತಾನೇ ಸಗಣಿ ಕುಳ್ಳಿಗೆ ಕಡ್ಡಿ ಗೀರಿದ.

ಸುಟ್ಟ ತೆನೆ ಅಂಗೈಯಲ್ಲಿ ತಿಕ್ಕಿ, ಶೇಂಗಾ ಚಟ್ನಿಪುಡಿ ಹಚ್ಚಿ ಬಾಯಿಗೆ ಹಾಕಿದರೆ ಮೂವತ್ತು ವರ್ಷ ಹಿಂದಕ್ಕೆ ಹೋದಂತಾಯಿತು. ತೀರಿಹೋದ ಗೆಳೆಯ ನಾಮದೇವ "ಚಿರತಿ ಬಂತು!" ಎಂದು ಕೂಗಿ ಇವರನ್ನು ಓಡಿಸಿ, ಇವರ ಪಾಲಿನ ಸೀತನಿಯನ್ನೂ ಮುಗಿಸುತ್ತಿದ್ದುದು ನೆನಪಾಗಿ ಇಬ್ಬರಿಗೂ ನಗುನಗುತ್ತಲೇ ಕಣ್ಣೀರು ಬಂತು.

"ನಾಗಪ್ಪಾ, ಕಣ್ಣೀರು ಬರಾಕತ್ತಿದ್ದು ನಗಿಯಿಂದಲ್ಲೋ. ಹೊಗಿ!"

ತಿರುಗಿ ನೋಡಿದರೆ, ಹುಗ್ಗಿ ಊಟಕ್ಕೆ ಕೂತ ಬೀಗರಂತೆ, ಕುಳ್ಳಿನ ಕಿಡಿಯಿಂದ ಹತ್ತಿದ ಬೆಂಕಿ ಒಣಹುಲ್ಲನ್ನು ಬಾಚಿ ಬಾಚಿ ತಿನ್ನುತ್ತಿತ್ತು. ಇನ್ನು ನಾಲ್ಕು ಮಾರು ದಾಟಿದರೆ ಇಡೀ ಅಡವಿಯೇ ಅದರ ಬಾಯಿಗೆ! ಇಬ್ಬರೂ ಹಸಿ ಟೊಂಗೆ ಮುರಿದು ಬಡಿದೇ ಬಡಿದರು. ನಾಗೇಂದ್ರಪ್ಪನ ಅರ್ಧ ಮೀಸೆ ಸುಟ್ಟಿತು. ಅಷ್ಟರಲ್ಲಿ ಕಂಪ್ಯೂಟರ್ ನಂಬಿ ಹತ್ತಿರದಲ್ಲೇ ಕಾದಿದ್ದ ನೀರಿನ ಗಾಡಿಯೊಂದಿಗೆ ಮೇಡಂ ಬಂದರು. ಬೆಂಕಿ ಆರಿತು.

"ಮೇಡಂ, ತಪ್ಪು..." ಎಂದು ನಾಗೇಂದ್ರಪ್ಪ ಬಾಯಿ ತೆರೆಯುವಷ್ಟರಲ್ಲಿ ಜಿಲಾನಿ ಅವನ ಕಾಲು ತುಳಿದ.

"ತಪ್ಪಾ? ಕಂಪ್ಯೂಟರ್ ಹೇಳಿದ್ದು ಖರೇ ಆಯ್ತಲ್ರಿ! ಬೆಂಕಿಗಿಂತ ಮೊದ್ಲೇ ಬಂದು ಕುಂತೀರಿ. ದೊಡ್ಡ ಸಾಹೇಬ್ರಿಗಿ ಫೋನ್ ಮಾಡೀನಿ, ಭಾಳ ಖುಷಿ ಆಗ್ಯಾರ. ನಾಳಿಂದ ನೀವು ಅಡವಿಗಿ ಬರೂದು ಬ್ಯಾಡ."

ನಾಗೇಂದ್ರಪ್ಪ ಕೈಯಲ್ಲಿದ್ದ ಟೊಂಗೆ ಕೆಳಗೆ ಹಾಕಿದ. "ನೌಕರಿ ಹೋಯ್ತೇನ್ರಿ?"

"ಛೇ! ರಿಟೈರ್ ಆಗೂತನ ತಣ್ಣನ ಖೋಲ್ಯಾಗ ಕುಂತು ಆ ಕಂಪ್ಯೂಟರ್ ನೀವೇ ನೋಡ್ಕೊಳ್ರಿ. ಅದರ ಮ್ಯಾಲ ನಿಮ್ಮಷ್ಟು ನಂಬಿಗಿ ಯಾರಿಗದರಿ?"