ಹೋದ ವಾರ ಒಂದು ತಾಸರೆ ಕೆಲಸಾ ಮಾಡೀರೇನು?

ದೇಶದಲ್ಲಿ ಎಷ್ಟು ಜನರಿಗೆ ಕೆಲಸವಿದೆ, ಎಷ್ಟು ಜನರಿಗೆ ಇಲ್ಲ ಎಂಬ ಸುದ್ದಿ ತಿಂಗಳಿಗೊಮ್ಮೆ ಟಿವಿಯಲ್ಲಿ ಬರುತ್ತದೆ. ಓದುವವರು ಮುಖ ಗಂಟಿಕ್ಕಿಕೊಂಡೇ ಓದುತ್ತಾರೆ. ಆ ಸುದ್ದಿಯನ್ನು ಮನೆ ಮನೆ ಬಾಗಿಲು ಬಡಿದು ತರುವವರಲ್ಲಿ ನಾನೂ ಒಬ್ಬಳು. ನಗು ಬಾರದ ದಿನ ಅಂತ ನನ್ನ ಪಾಲಿಗೆ ಇನ್ನೂ ಬಂದಿಲ್ಲ.

ನಮ್ಮ ಕೆಲಸ ಇಷ್ಟೇ. ಬೆಳಗಾವಿಯಲ್ಲಿ, ಖಾನಾಪುರ ತಾಲೂಕಿನಲ್ಲಿ ಕೆಲವು ಮನೆಗಳನ್ನು ಮೇಲಿನವರು ಆರಿಸಿ ಕೊಡುತ್ತಾರೆ. ಒಂದೊಂದು ಮನೆಗೂ ತಿಂಗಳಿಗೊಂದು ಸಲ, ನಾಲ್ಕು ತಿಂಗಳು ಹೋಗಬೇಕು. ಮನೆಯಲ್ಲಿರುವ ದೊಡ್ಡವರಿಗೆಲ್ಲ ಮುಖ್ಯವಾಗಿ ಒಂದೇ ಪ್ರಶ್ನೆ: ಹೋದ ಏಳು ದಿನಗಳಲ್ಲಿ ಒಂದು ತಾಸಾದರೂ ಕೆಲಸ ಮಾಡಿದ್ದೀರಾ? ಮಾಡಿದ್ದರೆ ಸರ್ಕಾರದ ಲೆಕ್ಕದಲ್ಲಿ ನೀವು ಕೆಲಸವಿದ್ದವರು. ಮಾಡಿಲ್ಲ, ಆದರೆ ಹುಡುಕುತ್ತಿದ್ದೇನೆ ಅಂದರೆ ನಿರುದ್ಯೋಗಿ. ಉತ್ತರವನ್ನು ಅಲ್ಲೇ ಟ್ಯಾಬಿನಲ್ಲಿ ಒತ್ತಿ ಕಳಿಸಿದರೆ ಮುಗಿಯಿತು.

ಮಕ್ಕಳು ಕಾಲೇಜು ಸೇರಿದ ಮೇಲೆ ನನಗೆ ಸಿಕ್ಕ ಕೆಲಸವಿದು, ಒಂದು ವರ್ಷದ ಗುತ್ತಿಗೆ. ಬ್ಯಾಗು ಹೆಗಲಿಗೇರಿಸಿ ಬಸ್ ಹತ್ತುವಾಗ ಆಗುವ ಖುಷಿ ಹೇಳತೀರದು. ಆದರೆ ಸೇರಿಸಿಕೊಳ್ಳುವಾಗಲೇ ನಮ್ಮ ಸಾಹೇಬರು ಎಚ್ಚರಿಕೆ ಕೊಟ್ಟಿದ್ದರು.

"ಒಂದು ಮನೀನೂ ಬಾಕಿ ಉಳೀಬಾರದು ನೋಡ್ರಿ. ಉಳೀತಂದ್ರ ಮುಂದಿನ ವರ್ಷ ನಿಮ್ಮನ್ನ ತೊಗೊಳ್ಳೂದು ನನ್ನ ಕೈಯಾಗ ಇರೂದಿಲ್ಲ."

ನಿರುದ್ಯೋಗಿಗಳನ್ನು ಎಣಿಸಲು ಹೊರಟವಳು ನಾನೇ ಆ ಸಾಲಿನಲ್ಲಿ ಹೋಗಿ ನಿಲ್ಲುವುದೇ? ಅಷ್ಟು ಸುಲಭಕ್ಕೆ ಬಿಡುವ ಪೈಕಿ ನಾನಲ್ಲ.

ಭಾಂಡಿ ಹಿತ್ತಲದಾಗ ಅದಾವ

ಕೆಲಸಕ್ಕೆ ಸೇರಿದ ಹೊಸತು. ಮಹಾಂತೇಶ ನಗರದ ಒಂದು ಮನೆಯ ಬೆಲ್ ಒತ್ತಿದೆ. ಮನೆಯ ಯಜಮಾನತಿ ಕಿವಿಗೆ ಫೋನು, ಕೈಯಲ್ಲಿ ಲಟ್ಟಣಿಗೆ ಹಿಡಿದು ಬಾಗಿಲಿಗೆ ಬಂದರು.

"ಕೆಲಸದ ಬಗ್ಗೆ ಕೇಳಾಕ ಬಂದೀನ್ರಿ," ಎಂದೆ.

"ಇದೇನು ಬರೂ ಹೊತ್ತ? ಎಂಟಕ್ಕ ಬಾ ಅಂತ ಹೇಳಿ ಕಳಿಸಿದ್ದೆ. ಹಿಂದಿನ ಬಾಗಿಲಿಂದ ಬಾ, ತಿಕ್ಕೂ ಭಾಂಡಿ ಹಿತ್ತಲದಾಗ ಅದಾವ!"

ಬಾಗಿಲು ಧಡ್ಡೆಂದು ಮುಚ್ಚಿತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮತ್ತೆ ಬೆಲ್ ಒತ್ತಿದವಳು ಬೆರಳು ತೆಗೆಯಲೇ ಇಲ್ಲ. ಬಾಗಿಲು ತೆರೆದ ಕೂಡಲೇ ನನ್ನ ಗುರುತಿನ ಚೀಟಿಯನ್ನು ಅವರ ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದೆ.

ಪಾಪ, ಅವರ ಮುಖ ಕೆಂಪಾಯಿತು. "ಅಯ್ಯ ಬಾಯಾರ, ತಪ್ಪಾತ್ರಿ. ಕೆಲಸದಾಕಿ ಹಾದಿ ಕಾಯಾಕತ್ತಿದ್ದೆ. ಒಳಗ ಬರ್ರಿ, ಕುಂದರ್ರಿ." ಚಹಾ ಬಂತು, ಚೂಡಾ ಬಂತು. ಕೇಳಿದ್ದಕ್ಕೆಲ್ಲ ಚಕಚಕ ಉತ್ತರ ಬಂತು. ನಾನು ಗೆದ್ದ ಗತ್ತಿನಲ್ಲಿ ಎದ್ದು ಹೊರಟೆ. ಗೇಟಿನವರೆಗೂ ಕಳಿಸಲು ಬಂದವರು ದನಿ ತಗ್ಗಿಸಿ ಕೇಳಿದರು: "ಸರ್ಕಾರದವರು ನಿಮಗ ಎಷ್ಟು ಕೊಡ್ತಾರ್ರಿ?"

ಹೇಳಿದೆ.

"ಇಷ್ಟು ಬಿಸಲಾಗ ತಿರಗ್ಯಾಡಿ ಅಷ್ಟನ? ನಾ ಅದಕ್ಕಿಂತ ಹೆಚ್ಚಿಗಿ ಕೊಡ್ತೀನ್ರಿ, ಮಧ್ಯಾಹ್ನದ ಊಟಾನೂ ಇಲ್ಲೇ. ಮನ್ಯಾಗ ವಿಚಾರ ಮಾಡಿ ಹೇಳ್ರಿ."

ಕೆಲಸವಿಲ್ಲದ ಸಾಹೇಬರು

ಬೆಳಗಾವಿಯ ಸೈನ್ಯದ ಕ್ಯಾಂಪಿನ ಹಳೆಯ ಬಂಗಲೆಯೊಂದರಲ್ಲಿ ಸೈನ್ಯದಿಂದ ನಿವೃತ್ತರಾದ ಅಜ್ಜ, ಅಜ್ಜಿ ಇಬ್ಬರೇ ಇದ್ದರು. ಅಜ್ಜನನ್ನು ಕೇಳಿದೆ.

"ರಿಟೈರ್ ಆಗೇನಿ. ಕೆಲಸಾ ಗಿಲಸಾ ಏನೂ ಇಲ್ಲ. ಹಂಗs ಬರಕೋರಿ," ಎಂದರು.

ನಾನು ಟ್ಯಾಬಿನ ಮೇಲೆ ಬೆರಳು ಇಡುವಷ್ಟರಲ್ಲಿ ಹಾಲಿನವನು ಬಂದ. ಅಜ್ಜನ ದನಿ ಏರಿತು: "ನಿನ್ನೆ ಯಾಕ ತಡಾ ಮಾಡಿದಿ? ನಾಳಿಂದ ಆರಕ್ಕ ಬರಬೇಕು!" ಅವನು ಹೋಗುತ್ತಿದ್ದಂತೆ ಅಂಗಳದಲ್ಲಿ ಗಿಡಗಳಿಗೆ ನೀರು ಬಿಡುತ್ತಿದ್ದವನ ಸರದಿ. "ಪೈಪ್ ಎಡಕ್ಕ! ಇನ್ನೂ ಎಡಕ್ಕ!" ಆಮೇಲೆ ಅಡುಗೆಮನೆಯ ಕಡೆ ತಿರುಗಿ, "ಚಹಾಕ್ಕ ಸಕ್ಕರಿ ಕಡಿಮಿ ಇರಲಿ!" ಕೊನೆಗೆ ನನ್ನತ್ತ ಕಣ್ಣು ಹೊರಳಿತು. "ಬೆನ್ನು ಬಗ್ಗಿಸಿ ಕುಂದರಬಾರದು. ನೆಟ್ಟಗ ಕುಂದರ್ರಿ!"

ನೆಟ್ಟಗೆ ಕೂತೆ. ಅಜ್ಜಿ ಚಹಾ ತಂದಿಟ್ಟು ನನ್ನ ಟ್ಯಾಬಿನಲ್ಲಿ ಇಣುಕಿದರು.

"ಕೆಲಸಾ ಇಲ್ಲಂತ ಬರೀಬ್ಯಾಡ್ರಿ ಬಾಯಾರ. ಇವರು ಕೆಲಸಾ ಮಾಡೂದಷ್ಟ ಬಿಟ್ಟಾರ. ಮಾಡಸೂದು ಇನ್ನೂ ಬಿಟ್ಟಿಲ್ಲ."

ಕುಂದಾದಿಂದ ನಾಯಿಯವರೆಗೆ

ಈಗ ನನ್ನ ಜೀವ ಹಿಂಡಿದ ಮನೆಗೆ ಬರೋಣ. ಅದು ಖಾನಾಪುರ ಊರಲ್ಲಿತ್ತು. ಬಸ್ ಕಂಡಕ್ಟರ್ ಆಗಿ ನಿವೃತ್ತರಾದ ಅಪ್ಪ, ಅವ್ವ, ಪದವಿ ಮುಗಿಸಿ ನೌಕರಿಗಾಗಿ ಪರೀಕ್ಷೆಯ ಮೇಲೆ ಪರೀಕ್ಷೆ ಬರೆಯುತ್ತಿದ್ದ ಒಬ್ಬನೇ ಮಗ.

ಮೊದಲನೇ ತಿಂಗಳು ಹೋದಾಗ ನನಗೆ ರಾಜೋಪಚಾರ. ಉಪ್ಪಿಟ್ಟು, ಅದರ ಮೇಲೆ ತಟ್ಟೆ ತುಂಬ ಸಿಹಿ ಕುಂದಾ. ಮಗ ಕೆಲಸ ಹುಡುಕುತ್ತಿದ್ದಾನೆ ಅಂದರು, ನಾನು ನಿರುದ್ಯೋಗಿ ಎಂದು ಒತ್ತಿದೆ. ಅವ್ವ ಕೈಮುಗಿದು, "ಬರಕೊಂಡ್ರಲ್ಲ, ಇನ್ನ ನೀವುಂಟು ದೇವರುಂಟು," ಅಂದರು.

ನನಗೆ ಗಾಬರಿಯಾಯಿತು. "ಅವ್ವಾರ, ನಾವು ನೌಕರಿ ಕೊಡೂ ಮಂದಿ ಅಲ್ಲರಿ. ಬರೇ ಲೆಕ್ಕಾ ತೊಗೊಂತೀವಿ."

ಅಪ್ಪ ಹೆಂಡತಿಗೆ ಕಣ್ಣು ಮಿಟುಕಿಸಿದರು. "ಹಂಗ ಹೇಳಬೇಕಾಗ್ತೈತಿ ಅವರು. ಮ್ಯಾಲಿಂದ ಆರ್ಡರ್ ಇರ್ತೈತಿ. ನೀ ಇನ್ನೊಂದ್ಚೂರು ಕುಂದಾ ಹಾಕು."

ಎರಡನೇ ತಿಂಗಳು ಬರೀ ಚಹಾ. ನೌಕರಿಯ ಪತ್ರ ಯಾವಾಗ ಬರುತ್ತದೆ ಎಂದು ಇಬ್ಬರೂ ಕೇಳಿದರು. ಮೂರನೇ ತಿಂಗಳು ಒಂದು ಲೋಟ ನೀರು. ಅದನ್ನೂ ಕುಕ್ಕಿ ಇಟ್ಟರು. "ಮೂರು ಸಲ ಬರಕೊಂಡ್ರಿ. ಹುಡುಗ ಇನ್ನೂ ಮನ್ಯಾಗs ಅದಾನ," ಎಂದು ಅಪ್ಪ ಮುಖ ತಿರುಗಿಸಿದರು. ಆ ಹುಡುಗ ಮಾತ್ರ ತಲೆ ತಗ್ಗಿಸಿ ನಗುತ್ತಿದ್ದ.

ನಾಲ್ಕನೇ ತಿಂಗಳು, ಅಂದರೆ ಕೊನೆಯ ಸಲ, ಗೇಟಿಗೆ ಬೀಗ. ಅಂಗಳದಲ್ಲಿ ಬಿಚ್ಚಿಬಿಟ್ಟ ನಾಯಿ. "ನಾ ಬಂದೀನ್ರಿ," ಎಂದು ಕೂಗಿದೆ.

"ಮನ್ಯಾಗ ಯಾರೂ ಇಲ್ಲರಿ!" ಕಿಟಕಿಯ ಪರದೆಯ ಹಿಂದಿನಿಂದ ಅವ್ವನ ದನಿ.

"ಮತ್ತ ಮಾತಾಡಾಕತ್ತವರು ಯಾರ್ರಿ?"

ಒಳಗೆ ಸ್ವಲ್ಪ ಹೊತ್ತು ಗುಸುಗುಸು ನಡೆಯಿತು. ಆಮೇಲೆ ಅಪ್ಪನ ದನಿ ಬಂತು: "ನಾವೂ ಹೊರಗ ಹೋಗೇವ್ರಿ!"

ಹಲಸಿಯ ಅಜ್ಜನಿಗಾದ ಅವಮಾನ

ಅದೇ ದಿನ ಮೋರೆ ಇಳಿಬಿಟ್ಟುಕೊಂಡು ಹಲಸಿ ಎಂಬ ಹಳ್ಳಿಯ ಬಸ್ ಹತ್ತಿದೆ. ಅಲ್ಲಿ ಒಬ್ಬ ಅಜ್ಜಿ ಎಮ್ಮೆ ಮೈ ತೊಳೆಯುತ್ತಿದ್ದಳು. ಅಜ್ಜ ಕಟ್ಟೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದ.

"ಹೋದ ವಾರ ಏನರೆ ಕೆಲಸಾ ಮಾಡೀಯೇನಬೇ ಅಜ್ಜಿ?"

"ನಂದೇನು ಕೆಲಸವಾ? ಮನ್ಯಾಗ ಇರಾಕಿ. ಎಮ್ಮಿ ಹಿಂಡ್ತೀನಿ, ಡೇರಿಗೆ ಹಾಲು ಹಾಕಿ ಬರ್ತೀನಿ, ಹೊಲದಾಗ ಕಳೆ ತಗೀತೀನಿ, ಅಷ್ಟs."

"ಅಜ್ಜಿ, ಸರ್ಕಾರದ ಲೆಕ್ಕದಾಗ ನೀ ಕೆಲಸಾ ಇದ್ದಾಕಿ."

ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಕೇಳಿದ್ಯೋ ಇಲ್ಲೋ? ದಿನಾ ಮನ್ಯಾಗ ಏನು ಮಾಡ್ತಿ ಅಂತಿದ್ದಿಯಲ್ಲ! ದಿಲ್ಲೀತನಕ ಬರದು ಕಳಸಾಕತ್ತಾರ!"

ಅಜ್ಜ ಕೇಳಿಸದವನಂತೆ ಅಡಿಕೆ ಬಾಯಿಗೆ ಹಾಕಿಕೊಂಡ. ಅವನನ್ನೂ ಕೇಳಿದೆ. ಹೋದ ವಾರ ಕೆಲಸ ಮಾಡಿಲ್ಲ ಎಂದ.

"ಯಾಕೋ ಬ್ಯಾಸರಾತು. ನಿರುದ್ಯೋಗಿ ಅಂತ ಬರಕೋ," ಅಂದ ಗಂಭೀರವಾಗಿ.

"ಕೆಲಸಾ ಹುಡುಕಾಕತ್ತೀಯೇನ ಅಜ್ಜಾ?"

"ಇಲ್ಲ."

"ಸಿಕ್ಕರ ಮಾಡ್ತೀಯೇನು?"

"ಛೇ, ಛೇ."

"ಹಂಗಾರ ನೀನು ನಿರುದ್ಯೋಗಿ ಲೆಕ್ಕದಾಗ ಬರೂದಿಲ್ಲ ನೋಡು."

ಅಜ್ಜನ ಕೈಯಲ್ಲಿದ್ದ ಅಡಕೊತ್ತು ನಿಂತೇ ಹೋಯಿತು. ಅವನಿಗೆ ನಿಜಕ್ಕೂ ನೋವಾಗಿತ್ತು. "ನಿರುದ್ಯೋಗೀನೂ ಅಲ್ಲಾ ನಾ?"

ಅಜ್ಜಿ ಎಮ್ಮೆಯ ಬೆನ್ನಿಗೆ ನೀರು ಸುರಿಯುತ್ತಲೇ ಹೇಳಿದಳು: "ಅದಕ್ಕೂ ಒಂಚೂರು ಓಡ್ಯಾಡಬೇಕಾಗ್ತೈತಿ. ಕುಂತಲ್ಲೇ ಸಿಗೂದಿಲ್ಲ."

ಯಾರ ಕಡೆಯವರು?

ಖಾನಾಪುರದ ಮನೆ ಹಾಗೇ ಉಳಿಯಿತು. ತಿಂಗಳ ಕೊನೆಗೆ ಸಾಹೇಬರ ಫೋನು. "ಎಲ್ಲಾ ಬಂದಾವು, ಅದೊಂದ ಮನಿ ಉಳದೈತಿ. ನಾಳೆ ಸಂಜಿ ಒಳಗ ಬರಲಿಲ್ಲಂದ್ರ ನಾ ಏನೂ ಮಾಡಾಕ ಆಗೂದಿಲ್ಲ." ನಿಂತ ಕಾಲಲ್ಲಿ ಖಾನಾಪುರಕ್ಕೆ ಓಡಿದೆ.

ಗೇಟಿನ ಮುಂದೆ ನಿಂತಿದ್ದ ನನ್ನನ್ನು ಪಕ್ಕದ ಮನೆಯ ಹೆಂಗಸು, ಓಣಿಗೆಲ್ಲ ಕಾಕು, ಕೈಸನ್ನೆ ಮಾಡಿ ಕರೆದರು. "ಯಾ, ಬಸಾ" ಎಂದು ಮರಾಠಿಯಲ್ಲಿ ಕೂರಿಸಿ, ಗುಟ್ಟಿನ ಮಾತನ್ನು ಕನ್ನಡದಲ್ಲಿ ತೆಗೆದರು.

"ನೀವು ಭಾಳ ತಡಾ ಮಾಡಿದ್ರಿ. ತಿಂಗಳಾ ಬಂದು 'ಹುಡುಗ ಏನು ಮಾಡ್ತಾನ, ಹುಡುಗ ಏನು ಮಾಡ್ತಾನ' ಅಂತ ವಿಚಾರಸ್ತಿದ್ರಿ, ಪಟ್ಟನ ಹೂಂ ಅನಬೇಕಿಲ್ಲೋ? ಬೆಳಗಾವಿ ದೊಡ್ಡ ಮಂದಿ ಈ ಹುಡುಗನ ಬೆನ್ನ ಹತ್ಯಾರ ಅಂತ ಊರಾಗ ಸುದ್ದಿ ಆಗಿ, ಹೆಂಚಿನ ಕಾರ್ಖಾನಿ ಮಾಲಕರು ಗಡಬಡಿಸಿ ತಮ್ಮ ಮಗಳನ್ನ ಕೊಡಾಕ ಒಪ್ಯಾರ. ನಾಳೆ ನಿಶ್ಚಯ!"

ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಹುಡುಗನ ನೌಕರಿ ಚಾಕರಿ ವಿಚಾರಿಸುವುದು ಇದ್ದದ್ದೇ. ಒಳ್ಳೆಯ ಸೀರೆ ಉಟ್ಟು, ಬ್ಯಾಗು ಹಿಡಿದು ತಿಂಗಳು ತಿಂಗಳು ಬರುವ ನನ್ನನ್ನು ಇಡೀ ಓಣಿ ಹೆಣ್ಣಿನ ಕಡೆಯವಳನ್ನಾಗಿ ಮಾಡಿಬಿಟ್ಟಿತ್ತು!

ಕಾಕುವಿನ ಹಿತ್ತಲಿನಿಂದ ಹುಡುಗನ ಅವ್ವ ಓಡಿಬಂದು ನನ್ನನ್ನು ಬದಿಗೆ ಎಳೆದರು. "ಬಾಯಾರ, ಕೈ ಮುಗೀತೀನಿ. ಊರವರು ತಾವs ತಿಳಕೊಂಡಾರ, ನಾವು ಹೇಳಿದ್ದಲ್ಲ. ಉಂಗುರಾ ಹಾಕೂತನಕ ನೀವು ಸರ್ಕಾರದವರಂತ ಬಾಯಿ ಬಿಡಬ್ಯಾಡ್ರಿ."

"ನನ್ನ ನೌಕರಿ ಹೋಗ್ತೈತ್ರಿ! ನಾಳೆ ಸಂಜಿ ಒಳಗ ನಿಮ್ಮ ಮಗನ ಉತ್ತರಾ ಬೇಕು."

"ನಾಳೆ ನಿಶ್ಚಯಕ್ಕs ಬರ್ರಿ. ಉಂಗುರಾ ಆದ ಮ್ಯಾಲ ಬೇಕಾದ್ದು ಕೇಳ್ರಿ. ಆದ್ರ ಕೆಲಸಾ ಐತಿ ಅಂತ ಬರೀರಿ. ಅಮಾಸಿ ಆದ ಮ್ಯಾಲ ಬೀಗರು ಕಾರ್ಖಾನಿ ಮ್ಯಾನೇಜರ್ ಮಾಡ್ತಾರ."

"ಮುಂದ ಮಾಡೂ ಕೆಲಸಾ ಹೋದ ವಾರದ ಲೆಕ್ಕಕ್ಕ ಬರೂದಿಲ್ಲರಿ. ಸುಳ್ಳು ಬರಿಯಾಕಿ ನಾ ಅಲ್ಲ."

ಮರುದಿನ ರೇಷ್ಮೆ ಸೀರೆ ಉಟ್ಟು ಹೋದೆ. ನಾಯಿ ಕಟ್ಟಿತ್ತು, ಅಂಗಳದಲ್ಲಿ ಪೆಂಡಾಲು. ಹೆಣ್ಣಿನ ತಂದೆ ನನ್ನನ್ನು ನೋಡಿ ಮೀಸೆ ತಿರುವಿದರು. ಕೈತಪ್ಪಿದ ವರನನ್ನು ನೋಡಲು ಬಂದ ಬೆಳಗಾವಿಯ ಪಾರ್ಟಿಯನ್ನು ಹಿಂದಿಕ್ಕಿದೆ ಎಂಬ ಹೆಮ್ಮೆ. ಉಂಗುರ ಹಾಕುವ ಹೊತ್ತಿಗೆ ಸಂಜೆಯಾಗುತ್ತ ಬಂದಿತ್ತು. ನನಗೆ ಕೂರಲಾಗದು, ನಿಲ್ಲಲಾಗದು. ಉಂಗುರ ಬೆರಳಿಗೆ ಇಳಿದದ್ದೇ ತಡ, ಅಕ್ಷತೆ ಬೀಳುತ್ತಿರುವಾಗಲೇ ಮುಂದೆ ನುಗ್ಗಿ ಹುಡುಗನ ಎದುರು ಟ್ಯಾಬು ಹಿಡಿದು ಕೂತೆ.

"ತಮ್ಮಾ, ಖರೇ ಹೇಳು. ಹೋದ ಏಳು ದಿನದಾಗ ಒಂದು ತಾಸರೆ ಕೆಲಸಾ ಮಾಡೀಯೇನು?"

ಅವ್ವ ಕಂಬ ಹಿಡಿದುಕೊಂಡರು. ಹುಡುಗ ಬೆವರುತ್ತ ಮದುಮಗಳ ಮುಖ ನೋಡಿದ. ಆಕೆ ತಲೆ ಎತ್ತಿ ನನ್ನ ಟ್ಯಾಬು ನೋಡಿ ನಕ್ಕಳು.

"ಸರ್ವೇದವರು ಹೌದಲ್ಲರಿ ನೀವು? ಬರಕೋರಿ, ಮಾಡ್ಯಾರ. ಒಂದು ತಾಸಲ್ಲ, ಮೂರು ದಿನಾ! ಅಪ್ಪ ಇವರನ್ನ ಮ್ಯಾನೇಜರ್ ಮಾಡ್ತೀನಿ ಅಂದ. ಹೆಂಚು ಹೊತ್ತು ಗೊತ್ತಿಲ್ಲದಾವ ಹೊರಾವರನ್ನ ಏನು ಸಂಭಾಳಸ್ತಾನು ಅಂತ ಅಪ್ಪ ಇಲ್ಲದ ಹೊತ್ತಿನಾಗ ನಾನs ಕರಿಸಿ ಹೊರಿಸೀನಿ. ಅಪ್ಪಗ ಗೊತ್ತಿಲ್ಲ. ಪಗಾರಾನೂ ಕೊಟ್ಟೀನಿ."

ಹುಡುಗ ಎರಡೂ ಅಂಗೈ ಬಿಚ್ಚಿ ತೋರಿಸಿದ. ಬೊಬ್ಬೆಗಳೆದ್ದಿದ್ದವು. "ಕ್ರಿಕೆಟ್ ಆಡಿ ಆಗ್ಯಾವು ಅಂದಿದ್ದೆಲ್ಲೋ!" ಎಂದು ಅವ್ವ ಕೂಗಿದರು. ನನಗೆ ಆ ಬೊಬ್ಬೆಗಳನ್ನು ನೋಡಿ ಆದಷ್ಟು ಸಂತೋಷ ನನ್ನ ಸ್ವಂತ ನಿಶ್ಚಯದಲ್ಲೂ ಆಗಿರಲಿಲ್ಲ. ಕೆಲಸ ಇದೆ ಎಂದು ಒತ್ತಿದೆ, ಮಿಕ್ಕ ಉತ್ತರಗಳನ್ನೂ ಅಲ್ಲೇ ಕೇಳಿ ಕಳಿಸಿದೆ. ಸ್ವಲ್ಪ ಹೊತ್ತಿಗೆ ಸಾಹೇಬರ ಫೋನು ಬಂತು. "ಬಂತ್ರಿ. ಒಂದೂ ಬಾಕಿ ಇಲ್ಲ. ಮುಂದಿನ ವರ್ಷಕ್ಕೂ ನೀವs."

"ನನ್ನ ನೌಕರಿ ಉಳೀತು!" ಎಂದು ಪೆಂಡಾಲಿನ ನಡುವೆ ನಿಂತು ಕೂಗಿಬಿಟ್ಟೆ. ಒಬ್ಬ ಹುಡುಗನಿಗೆ ನೌಕರಿ ಸಿಕ್ಕಿತು, ಹೆಣ್ಣೂ ಸಿಕ್ಕಿತು, ನನ್ನ ಕೆಲಸವೂ ಉಳಿಯಿತು. ನಾವು ನೌಕರಿ ಕೊಡುವ ಮಂದಿ ಅಲ್ಲ ಎಂದು ಇನ್ನು ಯಾವ ಬಾಯಿಂದ ಹೇಳಲಿ?

ಹೆಣ್ಣಿನ ತಂದೆ ಮಾತ್ರ ಮೀಸೆಯಿಂದ ಕೈ ತೆಗೆದು ಎದ್ದು ಬಂದರು. "ನಿಲ್ರಿ, ನಿಲ್ರಿ. ನೀವು ಬೆಳಗಾವಿ ಹೆಣ್ಣಿನ ಕಡಿಯವರಲ್ಲಾ?"

"ಅಲ್ಲರಿ."

"ಗಂಡಿನ ಕಡಿಯವರು?"

"ಅಲ್ಲರಿ."

"ಮತ್ತ ಯಾರ ಕಡಿಯವರು?"

"ಸರ್ಕಾರದ ಕಡಿಯಾಕಿರಿ."

ಅವರು ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಅಳಿಯನ ಬೆರಳಲ್ಲಿದ್ದ ಉಂಗುರ ನೋಡಿದರು. ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ಅವರ ಮುದಿ ತಾಯಿ ಗದರಿದಳು:

"ಬಾಯಿ ತಕ್ಕೊಂಡು ಏನು ನಿಂತೀರಿ? ಸರ್ಕಾರ ತಾನಾಗೇ ನಿಶ್ಚಯಕ್ಕ ಬಂದೈತಿ. ಕುಂದರಿಸಿ ಅಕ್ಕಿ ಕಾಯಿ ಹಾಕಿ ಉಡಿ ತುಂಬಿ ಕಳಸ್ರಿ!"