ಅಮ್ಮನ ಎಪ್ಪತ್ತಕ್ಕೆ ಬಂದ ಹದಿನೇಳು ಕಪ್ಪು ಕೋಟು

ಪ್ಯೋ ಮನ್‌ಸಿಕ್‌ನ ಫೋನಿನಲ್ಲಿ ‘ಕುಟುಂಬ’ ಎಂಬ ಹೆಸರಿನ ಗುಂಪುಗಳು ಎರಡಿದ್ದವು. ಒಂದರಲ್ಲಿ ಅಮ್ಮನ ಕಡೆಯ ನೆಂಟರು. ಇನ್ನೊಂದರಲ್ಲಿ, ಬುಸಾನ್ ಬಂದರಿನ ಗೋದಾಮುಗಳನ್ನೆಲ್ಲ ಹೆದರಿಸಿ ಇಟ್ಟುಕೊಂಡಿದ್ದ ಅವನ ಗ್ಯಾಂಗು. ಬೆಳಿಗ್ಗೆ ಹಲ್ಲುಜ್ಜುತ್ತ ಅವನು ಬರೆದ: “ಇವತ್ತು ಅಮ್ಮನಿಗೆ ಎಪ್ಪತ್ತು ತುಂಬುತ್ತೆ. ಮಧ್ಯಾಹ್ನ ಯೊಂಗ್ದೊ ಸೇತುವೆ ಪಕ್ಕದ ಹೋಟೆಲಿನಲ್ಲಿ ಊಟ. ಮರೀಬೇಡಿ, ಎಲ್ಲರೂ ಬನ್ನಿ.”

ಉತ್ತರ ತಕ್ಷಣ ಬಂತು. “ಬರ್ತೀವಿ ಅಣ್ಣ!” ಒಂದಲ್ಲ, ಹದಿನಾರು. ಹದಿನೇಳನೆಯದು ಸ್ವತಃ ಗ್ಯಾಂಗಿನ ಯಜಮಾನ, ದೊಡ್ಡಣ್ಣ ಮಾ ಪನ್‌ಸೂನದು: “ನಿನ್ನ ಅಮ್ಮ ಅಂದ್ರೆ ನಮ್ಮೆಲ್ಲರ ಅಮ್ಮ.”

ಮನ್‌ಸಿಕ್ ಹಲ್ಲುಜ್ಜುವ ನೊರೆಯನ್ನು ನುಂಗಿಬಿಟ್ಟ.

ಮಗ ಐಸ್ ಕಂಪನಿಯಲ್ಲಿ ಮ್ಯಾನೇಜರ್ ಎಂದು ಅಮ್ಮ ಇಪ್ಪತ್ತು ವರ್ಷದಿಂದ ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಅವನು ಬಾಲ್ಯದ ಗೆಳೆಯ ಗ್ಯುತೆಗೆ ಫೋನ್ ಮಾಡಿದ. ಗ್ಯುತೆ ಈಗ ಪೊಲೀಸ್ ಇಲಾಖೆಯಲ್ಲಿ ಪತ್ತೇದಾರ.

“ಲೋ, ಊಟಕ್ಕೆ ಗ್ಯಾಂಗಿನವರೆಲ್ಲ ಬರ್ತಿದ್ದಾರೆ. ನೀನು ದಯವಿಟ್ಟು ಇವತ್ತು ಬರಬೇಡ.”

“ಬರದೇ ಇರ್ತೀನಾ? ಅಮ್ಮನ ಕೈಯಡುಗೆ ಉಂಡು ಬೆಳೆದವನು ಕಣೋ ನಾನು. ಅವರು ಬಂದ್ರೆ ಒಳ್ಳೇದೇ ಆಯ್ತು. ಗ್ಯಾಂಗ್ ಬಿಡ್ತೀನಿ ಅಂತ ಇವತ್ತೇ ಹೇಳಿಬಿಡು. ನಾಳೆ ನಾನೇ ನಿನ್ನ ಕೈಗೆ ಕೋಳ ಹಾಕೋ ಹಾಗಾದ್ರೆ, ಅಮ್ಮನ ಮುಖ ಹೇಗೆ ನೋಡ್ಲಿ?”

ಮಧ್ಯಾಹ್ನ ಹೋಟೆಲಿನ ಬಾಗಿಲು ತೆರೆಯಿತು. ಹದಿನೇಳು ಕಪ್ಪು ಕೋಟುಗಳು ಒಳಗೆ ಬಂದು ಸಾಲಾಗಿ ನಿಂತು, ಮಡಿಸುವ ಕುರ್ಚಿಗಳಂತೆ ಒಟ್ಟಿಗೆ ಸೊಂಟ ಬಗ್ಗಿಸಿದವು.

“ಅಮ್ಮಾ! ನೂರು ವರ್ಷ ಬಾಳಿ!”

ಮೇಜಿನ ಮೇಲಿನ ಗ್ಲಾಸುಗಳು ಗಲಗಲ ಎಂದವು. ಅಮ್ಮ ಓಕ್‌ಬುನ್ ಮಾತ್ರ ಕಣ್ಣು ಮಿಟುಕಿಸದೆ, “ಕೂತ್ಕೊಳ್ರಪ್ಪ” ಎಂದಳು.

“ಐಸ್ ಕಂಪನಿಯಲ್ಲಿ ಇಷ್ಟೊಂದು ಶಿಸ್ತಾ!” ಚಿಕ್ಕಮ್ಮ ಮಲ್ಜಾ ಬೆರಗಾದಳು. ಸುಮ್ಮನಿರುವುದು ಅವಳ ಜಾತಕದಲ್ಲೇ ಇರಲಿಲ್ಲ. ಪಕ್ಕದಲ್ಲಿ ಕೂತ ದಾಂಡಿಗನ ತೋಳಿನಿಂದ ಹಚ್ಚೆಯ ಡ್ರ್ಯಾಗನ್ ಇಣುಕುತ್ತಿತ್ತು. “ಇದೇನಪ್ಪ ಇದು?”

“ಮೀನು ಚಿಕ್ಕಮ್ಮ. ಕಂಪನಿ ಗುರುತು.”

“ಮೀನಿಗೆ ಕಾಲಿದೆಯಲ್ಲೋ!”

“ಅದು... ಹೊರದೇಶದ ಮೀನು.”

ಅವಳು ದೊಡ್ಡಣ್ಣನ ಕಡೆ ತಿರುಗಿದಳು. “ಯಜಮಾನರೇ, ವ್ಯಾಪಾರ ಹೇಗಿದೆ?”

“ಪೊಲೀಸರು ಬಂದಾಗ ಸ್ವಲ್ಪ ತಣ್ಣಗಾಗುತ್ತೆ.”

“ಐಸ್ ಅಲ್ವೇ, ತಣ್ಣಗಿದ್ರೇ ಚೆಂದ!”

ಮನ್‌ಸಿಕ್ ಮೂಲಂಗಿ ಕಿಮ್ಚಿಯ ತುಂಡನ್ನು ಗಂಟಲಿಗೆ ಸಿಕ್ಕಿಸಿಕೊಂಡು ಕೆಮ್ಮುತ್ತಿರುವಾಗಲೇ ಗ್ಯುತೆ ಹೂಗುಚ್ಛ ಹಿಡಿದು ಬಂದ. ಅವನ ಮುಖ ಬಂದರಿನಲ್ಲಿ ಯಾರಿಗೆ ಗೊತ್ತಿರಲಿಲ್ಲ? ಹದಿನೇಳು ಕುರ್ಚಿಗಳು ಒಟ್ಟಿಗೆ ಹಿಂದಕ್ಕೆ ಸರಿದವು. ಮನ್‌ಸಿಕ್ ಇನ್ನೇನು ಮೇಜಿನ ಕೆಳಗೆ ನುಸುಳಬೇಕು, ಅಷ್ಟರಲ್ಲಿ ಅಮ್ಮ ಸೌಟು ಎತ್ತಿದಳು.

“ಯಾರೂ ಏಳಬೇಡಿ. ಸಾರು ಆರಿಹೋಗುತ್ತೆ.”

ಬಂದರನ್ನೇ ನಡುಗಿಸುವ ಗಂಡಸರು ಶಾಲೆಯ ಮಕ್ಕಳಂತೆ ಕೂತು ಹುಟ್ಟುಹಬ್ಬದ ಕಡಲಸೊಪ್ಪಿನ ಸಾರು ಕುಡಿದರು. ಗ್ಯುತೆಯೂ ಅವರ ನಡುವೆಯೇ ಕೂತು ಕುಡಿದ. ಅವನು ಕಣ್ಣಲ್ಲೇ ಸನ್ನೆ ಮಾಡಿದಾಗ ಮನ್‌ಸಿಕ್ ದೊಡ್ಡಣ್ಣನನ್ನು ಓಣಿಗೆ ಕರೆದುಕೊಂಡು ಹೋಗಿ ಮೊಣಕಾಲೂರಿದ.

“ದೊಡ್ಡಣ್ಣ, ನನ್ನನ್ನ ಬಿಟ್ಟುಬಿಡಿ. ಅಮ್ಮನಿಗೆ ವಯಸ್ಸಾಯ್ತು. ಇನ್ನಾದ್ರೂ ಮಗನಾಗಿ ಬದುಕ್ತೀನಿ.”

ದೊಡ್ಡಣ್ಣನ ದವಡೆ ಬಿಗಿಯಿತು. “ಬಿಟ್ಟು ಹೋದೋರ ಗತಿ ಏನು ಅಂತ ಗೊತ್ತಲ್ಲ?”

ಇನ್ನೊಂದು ಜೋಡಿ ಮೊಣಕಾಲು ನೆಲಕ್ಕೆ ಬಿತ್ತು. ಗ್ಯುತೆಯದು. “ಇವತ್ತು ನಾನು ಪೊಲೀಸ್ ಅಲ್ಲ. ಇವನ ಗೆಳೆಯ. ಹೊಡೆಯೋದಿದ್ರೆ ಇಬ್ಬರಿಗೂ ಹೊಡೀರಿ.”

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಮನ್‌ಸಿಕ್‌ಗೆ ಅಳು ಬಂತು. ಅವನು ಗೆಳೆಯನ ಕೈ ಗಟ್ಟಿಯಾಗಿ ಹಿಡಿದುಕೊಂಡ.

“ಏಳ್ರೋ ಇಬ್ಬರೂ, ಪ್ಯಾಂಟು ಕೊಳೆಯಾಗುತ್ತೆ.” ಹಿಂದೆ ಅಮ್ಮ ನಿಂತಿದ್ದಳು. “ಮನ್‌ಸಿಕ್, ನಲವತ್ತು ವರ್ಷ ಮಾರ್ಕೆಟ್ಟಿನಲ್ಲಿ ಮೀನು ಮಾರಿದವಳು ನಾನು. ಬುಸಾನಿನ ಐಸ್ ಗಾಡಿ ಒಂದೊಂದೂ ನನಗೆ ಗೊತ್ತು. ನಿನ್ನ ಕಂಪನಿಯದು ಒಂದೇ ಒಂದು ಬರಲಿಲ್ಲ. ಯಾವತ್ತು ಬಾಯಿ ಬಿಡ್ತೀಯೋ ಅಂತ ಕಾಯ್ತಿದ್ದೆ.”

ಅವಳು ದೊಡ್ಡಣ್ಣನ ಮುಂದೆ ಬಂದು ನಿಂತಳು. ಅವನ ಎದೆಯವರೆಗೂ ಬರದ ಹೆಂಗಸು. “ನಿಮ್ಮಮ್ಮ ಎಲ್ಲಿದ್ದಾರಪ್ಪ?”

“ಇಲ್ಲಮ್ಮ. ನನಗೆ ಎಂಟು ವರ್ಷ ಆಗಿದ್ದಾಗಲೇ ಹೋದ್ರು.”

“ಆಮೇಲೆ ಹುಟ್ಟುಹಬ್ಬಕ್ಕೆ ಸಾರು ಯಾರು ಮಾಡಿಕೊಟ್ರು?”

ಚೂರಿಯೇಟಿಗೂ ಅಳದ ದೊಡ್ಡಣ್ಣನ ಮುಖದ ಮೇಲೆ ನೀರು ಧಾರೆಯಾಗಿ ಇಳಿಯಿತು. ಅಮ್ಮ ಸೆರಗಿಲ್ಲದ ಹಾನ್‌ಬೊಕ್ ಉಡುಪಿನ ತೋಳಿನಿಂದಲೇ ಅದನ್ನು ಒರೆಸಿದಳು.

“ಇವನನ್ನ ಬಿಟ್ಟುಬಿಡು. ನೀನೂ ಬಿಡು. ಈ ವಯಸ್ಸಿನಲ್ಲಿ ಜನರನ್ನ ಹೆದರಿಸ್ಕೊಂಡು ತಿರುಗೋದು ಚೆಂದಾನಾ? ನಮ್ಮನೆಗೆ ಬಾ. ನನ್ನ ದೊಡ್ಡ ಮಗನಾಗಿ ಇರು.”

ದೊಡ್ಡಣ್ಣ ಹಣೆ ನೆಲಕ್ಕೆ ತಾಗುವ ಹಾಗೆ ನಮಸ್ಕರಿಸಿದ. ಬಾಗಿಲ ಸಂದಿಯಿಂದ ನೋಡುತ್ತಿದ್ದ ಚಿಕ್ಕಮ್ಮ ಚಪ್ಪಾಳೆ ತಟ್ಟಿದಳು. ಗ್ಯುತೆ ಮೂಗು ಒರೆಸಿಕೊಂಡ. ಇಡೀ ಬುಸಾನಿನ ಪೊಲೀಸರಿಂದ ಆಗದ ಕೆಲಸವನ್ನು ಎಪ್ಪತ್ತರ ಮೀನುಗಾರ್ತಿ ಒಂದು ಬಟ್ಟಲು ಸಾರಿನಲ್ಲಿ ಮುಗಿಸಿದ್ದಳು.

“ಮನ್‌ಸಿಕ್,” ದೊಡ್ಡಣ್ಣ ಎದ್ದು ಹೇಳಿದ, “ಇವತ್ತಿಗೆ ಗ್ಯಾಂಗ್ ಮುಗೀತು. ನಾನು ಇನ್ನು ನಿನ್ನ ಬಾಸ್ ಅಲ್ಲ.”

ಮನ್‌ಸಿಕ್‌ನ ಹೆಗಲಿಂದ ಒಂದು ಬೆಟ್ಟವೇ ಇಳಿಯಿತು.

“ಒಡಹುಟ್ಟಿದ ಅಣ್ಣ. ನಾಳೆ ಬೆಳಗಿನ ಜಾವ ನಾಲ್ಕಕ್ಕೆ ಏಳು. ಅಮ್ಮನ ಅಂಗಡಿಗೆ ಮೀನಿನ ಪೆಟ್ಟಿಗೆ ಹೊರಬೇಕು. ಕಿಟಕಿ ಪಕ್ಕದ ಕೋಣೆ ನನಗೆ ಬಿಡು. ಹಾಂ, ನಲವತ್ತಾದ್ರೂ ಮದುವೆ ಇಲ್ಲ, ಏನೋ ನಿನ್ನ ಕತೆ? ಆ ಜವಾಬ್ದಾರಿನೂ ಇನ್ನು ನಂದೇ.”

“ದೊಡ್ಡಣ್ಣ...” ಮನ್‌ಸಿಕ್ ತೊದಲಿದ, “ಗ್ಯಾಂಗಿನಲ್ಲಾದ್ರೆ ಭಾನುವಾರ ರಜೆ ಇತ್ತು.”

“ಮನೇಲಿ ಎಲ್ಲಿಂದ ಬಂತೋ ರಜೆ?”

ಮನ್‌ಸಿಕ್ ದಿಕ್ಕು ತೋಚದೆ ಅಮ್ಮನ ಕಡೆ ನೋಡಿದ. ಅವಳು ಹೊಸ ಮಗನ ಟೈ ಸರಿಮಾಡುತ್ತ, ತಿರುಗಿಯೂ ನೋಡದೆ ಹೇಳಿದಳು:

“ಅಣ್ಣ ಹೇಳಿದ ಹಾಗೆ ಕೇಳೋ.”